ಕಾಯಿಲ್ ಹಾಕಿದರೆ ಎಂ.ಸಿ.ಬಿ. ಯಾಕೆ ಬೀಳುತ್ತದೆ?



ಮಾಗಿ ಚಳಿ ಬಂತೆಂದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ಬೆಳಗಿನ ಹೊತ್ತು ಒಂದು ಕೂಗು ಕೇಳುತ್ತದೆ: "ಏ, ಕರೆಂಟ್ ಹೋತು!" ಹೊರಗೆ ಬಂದು ನೋಡಿದರೆ ಪಕ್ಕದ ಮನೆಯಲ್ಲಿ ಲೈಟು ಉರಿಯುತ್ತಿರುತ್ತದೆ. ಹೋಗಿರುವುದು ಊರಿನ ಕರೆಂಟಲ್ಲ, ಆ ಒಂದು ಮನೆಯದು ಮಾತ್ರ. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇರುತ್ತದೆ, ಇನ್ನೊಂದು ಕಡೆ ಇಸ್ತ್ರಿ ಪೆಟ್ಟಿಗೆ ಹಚ್ಚಿರುತ್ತಾರೆ, ಎಂ.ಸಿ.ಬಿ. ಕೆಳಗೆ ಬಿದ್ದಿರುತ್ತದೆ. ಹಳೇ ಮನೆಯಾದರೆ ಫ್ಯೂಜ್ ಸುಟ್ಟಿರುತ್ತದೆ.

ಮೊದಲು ಬಚ್ಚಲ ಒಲೆಗೆ ಬಳ್ಳಾರಿ ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ ಹಾಕಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಈಗಲೂ ಎಷ್ಟೋ ಮನೆಯಲ್ಲಿ ಹಾಗೇ ಇದೆ. ಒಲೆಯಲ್ಲಿ ಉರಿ ಜಾಸ್ತಿಯಾದರೆ ಕೊಳ್ಳಿ ಹಿಂದಕ್ಕೆ ಎಳೆಯಬಹುದು, ಕಡಿಮೆಯಾದರೆ ಮುಂದಕ್ಕೆ ನೂಕಬಹುದು. ಆದರೆ ಕಾಯಿಲ್‌ಗೆ ಕೊಳ್ಳಿ ಇಲ್ಲ. ಸ್ವಿಚ್ ಹಾಕಿದರೆ ಪೂರಾ ಉರಿ, ತೆಗೆದರೆ ಪೂರಾ ಆರಿದಂತೆ. ಹಾಗಾದರೆ ಕರೆಂಟಿನ ಕೊಳ್ಳಿಯನ್ನು ಹಿಂದಕ್ಕೆ ಎಳೆಯುವುದು ಹೇಗೆ? ಎಂ.ಸಿ.ಬಿ. ಬೀಳದಂತೆ ನೀರು ಕಾಯಿಸುವುದು ಹೇಗೆ? ಇದನ್ನು ಪಾಠದಲ್ಲಿ ಓದಿದ್ದರ ಜೊತೆ ಸ್ವಲ್ಪ ಲೆಕ್ಕ ಸೇರಿಸಿ ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ ಹೆದರಬೇಡಿ. ಬರೀ ಗುಣಾಕಾರ, ಭಾಗಾಕಾರ ಅಷ್ಟೇ.

1. ಕಾಯಿಲ್ ಬಿಸಿಯಾಗುವುದು ಹೇಗೆ?

ವಿದ್ಯುತ್ತು ತಂತಿಯಲ್ಲಿ ಹರಿಯುವಾಗ ತಂತಿ ಅದಕ್ಕೆ ಅಡ್ಡಿ ಮಾಡುತ್ತದೆ. ಈ ಅಡ್ಡಿಗೆ ರೋಧ ಎನ್ನುತ್ತಾರೆ. ಅಡ್ಡಿ ಇದ್ದಲ್ಲಿ ಬಿಸಿ ಹುಟ್ಟುತ್ತದೆ. ಇದೇ ವಿದ್ಯುತ್ತಿನ ಉಷ್ಣ ಪರಿಣಾಮ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬ ವಿಜ್ಞಾನಿ 1840ರ ಸುಮಾರಿಗೆ ಇದನ್ನು ಅಳೆದು ನಿಯಮ ಹೇಳಿದ. ಅವನ ಮನೆತನದ ಕಸುಬು ಬಿಯರ್ ತಯಾರಿಸುವುದು. ಅವನು ಹೇಳಿದ್ದು ಇಷ್ಟು: ಒಂದೇ ತಂತಿಯಲ್ಲಿ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಯಿಲ್ ಒಳಗಿನ ಸುರುಳಿ ತಂತಿ ನಿಕ್ರೋಮ್‌ನದು. ನಿಕಲ್ ಮತ್ತು ಕ್ರೋಮಿಯಂ ಸೇರಿಸಿದ ಮಿಶ್ರಲೋಹ ಅದು. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಇದು ಬೇಗ ಸುಟ್ಟುಹೋಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಸುರುಳಿಯನ್ನು ಲೋಹದ ಕೊಳವೆಯೊಳಗೆ ಇಟ್ಟು ಸುತ್ತಲೂ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿ ತುಂಬಿರುತ್ತಾರೆ. ಈ ಪುಡಿಯ ಗುಣ ನೋಡಿ: ಬಿಸಿಯನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದ್ದರಿಂದಲೇ ಕಾಯಿಲ್ ನೀರಿನಲ್ಲಿ ಮುಳುಗಿದರೂ ಕೆಲಸ ಮಾಡುತ್ತದೆ. ಕೊಳವೆ ಬಿರುಕು ಬಿಟ್ಟು ನೀರು ಒಳಗೆ ಹೋದರೆ ಆ ಪುಡಿ ತೇವವಾಗಿ ಕರೆಂಟು ನೀರಿಗೆ ಇಳಿಯುತ್ತದೆ. ಆಗ ಕಾಯಿಲ್ ಯಮನಿದ್ದಂತೆ.

2. ಆಂಪಿಯರ್ ಲೆಕ್ಕ

ಎಲ್ಲ ಸಾಮಾನಿನ ಮೇಲೂ ವ್ಯಾಟ್ ಎಷ್ಟು ಎಂದು ಬರೆದಿರುತ್ತಾರೆ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಂದು ಸಿಗುತ್ತದೆ. (ಫ್ಯಾನಿನಂಥ ಮೋಟಾರಿನ ಸಾಮಾನಿಗೆ ಇದು ಸುಮಾರು ಲೆಕ್ಕ. ಕಾಯಿಲ್, ಇಸ್ತ್ರಿ ಪೆಟ್ಟಿಗೆಗೆ ಸರಿಯಾದ ಲೆಕ್ಕ.)

ಎಲ್.ಇ.ಡಿ. ಬಲ್ಬ್ 9 ವ್ಯಾಟ್ : 0.04 ಆಂಪಿಯರ್
ಫ್ಯಾನ್ 75 ವ್ಯಾಟ್ : 0.3 ಆಂಪಿಯರ್
ಇಸ್ತ್ರಿ ಪೆಟ್ಟಿಗೆ 750 ವ್ಯಾಟ್ : 3.3 ಆಂಪಿಯರ್
ಸಣ್ಣ ಕಾಯಿಲ್ 1000 ವ್ಯಾಟ್ : 4.3 ಆಂಪಿಯರ್
ದೊಡ್ಡ ಕಾಯಿಲ್ 1500 ವ್ಯಾಟ್ : 6.5 ಆಂಪಿಯರ್
ಗೀಸರ್ 2000 ವ್ಯಾಟ್ : 8.7 ಆಂಪಿಯರ್
ಗೀಸರ್ 3000 ವ್ಯಾಟ್ : 13 ಆಂಪಿಯರ್

ನೋಡಿದಿರಾ? ಒಂದು ದೊಡ್ಡ ಕಾಯಿಲ್ ತಿನ್ನುವ ಕರೆಂಟಿನಲ್ಲಿ 9 ವ್ಯಾಟಿನ 166 ಬಲ್ಬು ಉರಿಸಬಹುದು! ನಮ್ಮ ಶಾಲೆಯ ಎಲ್ಲ ಕೋಣೆಗೂ ಹಾಕಿ ಇನ್ನೂ ಮಿಗುತ್ತವೆ. ಬೆಳಕು ಕೊಡುವ ಸಾಮಾನು ಕೋಳಿಯಂತೆ ಕಾಳು ಆರಿಸಿ ತಿನ್ನುತ್ತದೆ, ಕಾಯಿಸುವ ಸಾಮಾನು ಎಮ್ಮೆಯಂತೆ ಹೊರೆ ಹೊರೆ ಮೇಯುತ್ತದೆ. ಎಂ.ಸಿ.ಬಿ. ಬೀಳುವ ಮನೆಗಳಲ್ಲಿ ಬಹಳ ಸಲ ಇಂಥ ಕಾಯಿಸುವ ಸಾಮಾನೇ ಕಾರಣ.

3. ಎಂ.ಸಿ.ಬಿ. ಹೊಟ್ಟೆಯೊಳಗೆ ಇಬ್ಬರು ಕಾವಲುಗಾರರು

ಎಂ.ಸಿ.ಬಿ.ಯನ್ನು 1924ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಊರಿನ ಸ್ಟೊಟ್ಜ್ ಕಂಪನಿಯವರು ಕಂಡುಹಿಡಿದರು. ಹೊರಗಿನಿಂದ ನೋಡಿದರೆ ಅದು ಸ್ವಿಚ್ಚಿನಂತೆ ಕಾಣುತ್ತದೆ. ಒಳಗೆ ಇಬ್ಬರು ಕಾವಲುಗಾರರಿದ್ದಾರೆ.

ಮೊದಲನೆಯವನು ನಿಧಾನಸ್ಥ. ಅವನ ಹೆಸರು ದ್ವಿಲೋಹ ಪಟ್ಟಿ. ಎರಡು ಬೇರೆ ಲೋಹದ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಕಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಹಾಗಾಗಿ ಪಟ್ಟಿ ಬಾಗುತ್ತದೆ. ಬಾಗಿ ಬಾಗಿ ಒಂದು ಕೊಂಡಿಯನ್ನು ತಳ್ಳಿದರೆ ಸ್ವಿಚ್ ಟಪ್ ಅಂತ ಬೀಳುತ್ತದೆ. ಕಾಯಲು ಹೊತ್ತು ಬೇಕಲ್ಲ, ಅದಕ್ಕೇ ಇವನು ತಡವಾಗಿ ಏಳುತ್ತಾನೆ.

ಎರಡನೆಯವನು ಚುರುಕು. ಅವನು ವಿದ್ಯುತ್ಕಾಂತ. ಎರಡು ವೈರು ಒಂದಕ್ಕೊಂದು ತಾಕಿ ಹ್ರಸ್ವ ಮಂಡಲ, ಅಂದರೆ ಶಾರ್ಟ್ ಆದಾಗ ಪ್ರವಾಹ ಒಮ್ಮೆಗೇ ಹತ್ತಾರು ಪಟ್ಟು ಏರುತ್ತದೆ. ಆಗ ಕಾಂತ ಕೊಂಡಿಯನ್ನು ಕಣ್ಣು ಮಿಟುಕಿಸುವುದರೊಳಗೆ ಎಳೆದುಬಿಡುತ್ತದೆ.

ಎಂ.ಸಿ.ಬಿ. ಮುಖದ ಮೇಲೆ 6, 10, 16 ಎಂದು ಸಂಖ್ಯೆ ಇರುತ್ತದೆ. ಅದು ಆಂಪಿಯರ್. ಮನೆಯ ಎಂ.ಸಿ.ಬಿ.ಗೆ ಒಂದು ನಿಯಮವಿದೆ. ಬರೆದ ಸಂಖ್ಯೆಯ 1.13 ಪಟ್ಟು ಹರಿದರೆ ಒಂದು ಗಂಟೆಯವರೆಗೆ ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 6 ಆಂಪಿಯರಿನದಾದರೆ 6.8ರವರೆಗೆ ತಡೆಯುತ್ತದೆ, 8.7ಕ್ಕೆ ಹೇಗಾದರೂ ಬೀಳುತ್ತದೆ. ನಡುವೆ ಇದ್ದರೆ ಬಿದ್ದರೂ ಬಿದ್ದೀತು, ಬಿಟ್ಟರೂ ಬಿಟ್ಟೀತು. "ನಿನ್ನೆ ಬೀಳಲಿಲ್ಲ, ಇವತ್ತು ಯಾಕ ಬಿತ್ತು?" ಎಂದು ಕೇಳುವವರಿಗೆ ಇದೇ ಉತ್ತರ.

ಈಗ ದೊಡ್ಡ ಕಾಯಿಲ್ 6.5 ಮತ್ತು ಇಸ್ತ್ರಿ 3.3 ಕೂಡಿಸಿ. 9.8 ಆಂಪಿಯರ್ ಆಯಿತು. 6 ಆಂಪಿಯರಿನ ಎಂ.ಸಿ.ಬಿ.ಗೆ ಇದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಸ್ವಿಚ್ ಹಾಕಿದ ಕೂಡಲೇ ಬೀಳುವುದಿಲ್ಲ. ಪಟ್ಟಿ ಕಾಯ್ದು ಬಾಗಲು ಕೆಲವು ನಿಮಿಷ ಬೇಕು, ಆಮೇಲೆ ಬೀಳುತ್ತದೆ. ಕೂಡಲೇ ಮೇಲೆ ಎತ್ತಿದರೆ ನಿಲ್ಲುವುದಿಲ್ಲ, ಯಾಕೆಂದರೆ ಪಟ್ಟಿ ಇನ್ನೂ ಬಿಸಿ ಇರುತ್ತದೆ. ಅದು ತಣ್ಣಗಾಗಬೇಕು. ಸಿಟ್ಟು ಮಾಡಿಕೊಂಡು ಮತ್ತೆ ಮತ್ತೆ ಎತ್ತಬಾರದು.

ಯಾವಾಗ ಬಿತ್ತು ಎಂಬುದರ ಮೇಲೆ ರೋಗ ಗೊತ್ತಾಗುತ್ತದೆ:

ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಕಾಯಿಲ್ ಕೆಟ್ಟಿದೆ. ಕಾಯಿಲ್‌ಗೆ ಮೋಟಾರಿನಂತೆ ಶುರುವಿನ ಎಳೆತ ಇಲ್ಲ, ಆದ್ದರಿಂದ ಒಳ್ಳೆಯ ಕಾಯಿಲ್ ಆ ಕ್ಷಣದಲ್ಲೇ ಬೀಳಿಸುವುದಿಲ್ಲ. ಅದನ್ನು ಮತ್ತೆ ಹಚ್ಚಬಾರದು.
ಐದು ಹತ್ತು ನಿಮಿಷ ಆದ ಮೇಲೆ ಬಿದ್ದರೆ ಹೊರೆ ಜಾಸ್ತಿಯಾಗಿದೆ. ಒಂದು ಸಾಮಾನು ತೆಗೆಯಬೇಕು.
ಹೊರೆ ಕಡಿಮೆ ಇದ್ದರೂ ಬೀಳುತ್ತಿದ್ದರೆ ಎಂ.ಸಿ.ಬಿ.ಯ ಸ್ಕ್ರೂ ಸಡಿಲಾಗಿ ಅಲ್ಲೇ ಬಿಸಿ ಹುಟ್ಟುತ್ತಿರಬಹುದು. ವೈರಿಂಗ್ ಬಲ್ಲವರನ್ನು ಕರೆಯಬೇಕು.

4. ದೊಡ್ಡ ಎಂ.ಸಿ.ಬಿ. ಹಾಕಿದರೆ ಆಯಿತಲ್ಲ?

ಬಹಳ ಜನ ಹೀಗೇ ಹೇಳುತ್ತಾರೆ. "6ರದು ತೆಗೆದು 16ರದು ಹಾಕ್ರಿ, ಬೀಳೋದಿಲ್ಲ." ಫ್ಯೂಜ್ ಇರುವ ಮನೆಯಲ್ಲಿ ತೆಳು ತಂತಿಯ ಬದಲು ವೈರಿನ ಎರಡು ಮೂರು ಎಳೆ ಹುರಿ ಹೊಸೆದು ಕಟ್ಟುತ್ತಾರೆ. ಆಮೇಲೆ ಕರೆಂಟು ಹೋಗುವುದಿಲ್ಲ, ನಿಜ. ಆದರೆ ಹೋಗಬೇಕಾದಾಗಲೂ ಹೋಗುವುದಿಲ್ಲ.

ಎಂ.ಸಿ.ಬಿ. ಇರುವುದು ಕಾಯಿಲನ್ನು ಕಾಯಲು ಅಲ್ಲ, ಗೋಡೆಯಲ್ಲಿರುವ ವೈರನ್ನು ಕಾಯಲು. ಲೈಟಿಗೆ ಎಳೆದ ವೈರು ಸಣ್ಣದು, ಸಾಮಾನ್ಯವಾಗಿ 1 ಅಥವಾ 1.5 ಚದರ ಮಿ.ಮೀ. ದಪ್ಪ. ದೊಡ್ಡ ಮೂರು ಕಡ್ಡಿಯ 16 ಆಂಪಿಯರ್ ಪ್ಲಗ್ಗಿಗೆ 2.5 ಅಥವಾ 4 ಚದರ ಮಿ.ಮೀ. ವೈರು ಹಾಕುತ್ತಾರೆ. ಜೂಲ್ ಹೇಳಿದ್ದು ನೆನಪಿದೆಯಲ್ಲ? 6 ಆಂಪಿಯರ್ ಹರಿಯುವ ಲೈಟಿನ ವೈರಿನಲ್ಲಿ 12 ಆಂಪಿಯರ್ ಹರಿಸಿದರೆ ಬಿಸಿ ನಾಲ್ಕು ಪಟ್ಟು. ಮೇಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಕರಗುತ್ತದೆ, ಆಮೇಲೆ ಕಿಡಿ. ಬಚ್ಚಲಲ್ಲಿ ನೀರು ಕಾಯುವ ಹೊತ್ತಿಗೆ ಗೋಡೆಯೊಳಗೆ ವೈರೂ ಕಾಯುತ್ತಿರುತ್ತದೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳಿವೆ. ಮರದ ತೊಲೆ, ಜಂತಿ. ಆ ತೊಲೆಯ ಮೇಲೇ ಮರದ ಪಟ್ಟಿ ಹೊಡೆದು ವೈರು ಎಳೆದಿರುತ್ತಾರೆ. ಹಿಂದೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಕೊಟ್ಟಿದ್ದು ಒಂದು ದೀಪದ ಸಂಪರ್ಕ. ಒಂದು ದೀಪಕ್ಕೆಂದು ಎಳೆದ ವೈರಿಗೆ 1500 ವ್ಯಾಟಿನ ಕಾಯಿಲ್ ಸಿಗಿಸಿದರೆ ಏನಾದೀತು ಎಂದು ನೀವೇ ಯೋಚಿಸಿ. ಅಂಥ ಮನೆಯಲ್ಲಿ ಎಂ.ಸಿ.ಬಿ. ಬೀಳುವುದು ಕಿರಿಕಿರಿ ಅಲ್ಲ, ಅದು ಮನೆ ಉಳಿಸುವ ಕೆಲಸ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಇಲ್ಲಿ ಹಾಸಿಗೆ ಎಂದರೆ ವೈರು, ಕಾಲು ಎಂದರೆ ವ್ಯಾಟು.

5. ಹಾಗಾದರೆ ಕೊಳ್ಳಿ ಹಿಂದಕ್ಕೆ ಎಳೆಯುವುದು ಹೇಗೆ?

ಇಲ್ಲಿ ಒಂದು ಮುಖ್ಯ ವಿಷಯ ತಿಳಿಯಬೇಕು. ಎಂ.ಸಿ.ಬಿ. ನೋಡುವುದು ಈ ಹೊತ್ತಿನಲ್ಲಿ ಎಷ್ಟು ಹರಿಯುತ್ತಿದೆ ಎಂದು. ಮೀಟರ್ ನೋಡುವುದು ಒಟ್ಟು ಎಷ್ಟು ಖರ್ಚಾಯಿತು ಎಂದು. ಇವೆರಡೂ ಬೇರೆ ಬೇರೆ. ಹತ್ತು ಚೀಲ ಜೋಳ ಒಂದೇ ಸಲ ಹೊತ್ತರೆ ಬೆನ್ನು ಮುರಿಯುತ್ತದೆ. ಒಂದೊಂದೇ ಹೊತ್ತರೆ ಹತ್ತೂ ಚೀಲ ಮನೆ ಸೇರುತ್ತವೆ. ಕರೆಂಟಿನಲ್ಲೂ ಹಾಗೇ.

ಒಂದು ಲೆಕ್ಕ ಮಾಡೋಣ. 15 ಲೀಟರಿನ ಒಂದು ಬಕೆಟ್ ನೀರು. ಚಳಿಗಾಲದಲ್ಲಿ ಅದು 20 ಡಿಗ್ರಿ ಇದೆ ಎನ್ನೋಣ. ಸ್ನಾನಕ್ಕೆ 45 ಡಿಗ್ರಿ ಮಾಡಬೇಕು. 25 ಡಿಗ್ರಿ ಏರಿಸಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4200 ಜೂಲ್ ಬೇಕು. 15 × 25 × 4200 = 15,75,000 ಜೂಲ್. ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಭಾಗಿಸಿ ನೋಡಿ:

1500 ವ್ಯಾಟ್ ಕಾಯಿಲ್ : 6.5 ಆಂಪಿಯರ್, ಹದಿನೇಳೂವರೆ ನಿಮಿಷ
1000 ವ್ಯಾಟ್ ಕಾಯಿಲ್ : 4.3 ಆಂಪಿಯರ್, 26 ನಿಮಿಷ
500 ವ್ಯಾಟ್ ಕಾಯಿಲ್ : 2.2 ಆಂಪಿಯರ್, 52 ನಿಮಿಷ

ಮೂರರಲ್ಲೂ ಖರ್ಚಾಗುವುದು 0.44 ಯೂನಿಟ್ಟೇ. ನಿಧಾನವಾದಾಗ ಸ್ವಲ್ಪ ಬಿಸಿ ಗಾಳಿಗೆ ಹೋಗುತ್ತದೆ, ಬಕೆಟ್ಟಿನ ಮೇಲೆ ಮುಚ್ಚುವಂತಿದ್ದರೆ ಅದೂ ಕಡಿಮೆ. ಅಂದರೆ ಕಾಲು ಗಂಟೆ ಮೊದಲು ಎದ್ದರೆ ಸಣ್ಣ ಕಾಯಿಲ್‌ನಲ್ಲೇ ಕೆಲಸ ಆಗುತ್ತದೆ, ಬಿಲ್ಲೂ ಹೆಚ್ಚಾಗುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ಲೆಕ್ಕ.

ಈಗ ಉಪಾಯಗಳನ್ನು ನೋಡೋಣ.

ಮೊದಲನೇ ಉಪಾಯ, ಸರದಿ. ಇದಕ್ಕೆ ಒಂದು ಪೈಸೆಯೂ ಬೇಡ. ಕಾಯಿಲ್ ತೆಗೆದ ಮೇಲೆ ಇಸ್ತ್ರಿ, ಇಸ್ತ್ರಿ ಆದ ಮೇಲೆ ಮಿಕ್ಸಿ. ಸಮವಸ್ತ್ರಕ್ಕೆ ರಾತ್ರಿಯೇ ಇಸ್ತ್ರಿ ಮಾಡಿಟ್ಟರೆ ಬೆಳಗ್ಗೆ ಜಗಳವೇ ಇಲ್ಲ.

ಎರಡನೇ ಉಪಾಯ, ಸಣ್ಣ ವ್ಯಾಟ್. ಹೊಸದು ಕೊಳ್ಳುವಾಗ "ಬೇಗ ಕಾಯ್ತೈತಿ" ಎಂದು ದೊಡ್ಡದನ್ನು ತರುವ ಬದಲು ಮನೆಯ ವೈರಿಗೆ ಹೊಂದುವುದನ್ನು ತರಬೇಕು. ಆಗಲೂ ಅದನ್ನು 16 ಆಂಪಿಯರ್ ಪ್ಲಗ್ಗಿಗೇ ಹಾಕುವುದು ಒಳ್ಳೆಯದು.

ಮೂರನೆಯದು ಥರ್ಮೋಸ್ಟಾಟ್. ಇಸ್ತ್ರಿ ಪೆಟ್ಟಿಗೆಯಲ್ಲೂ ಗೀಸರಿನಲ್ಲೂ ಇರುತ್ತದೆ. ಅನೇಕ ಇಸ್ತ್ರಿ ಪೆಟ್ಟಿಗೆಗಳಲ್ಲಿ ಅದೂ ಒಂದು ದ್ವಿಲೋಹ ಪಟ್ಟಿಯೇ. ಬಿಸಿಯಾದಾಗ ಕರೆಂಟು ಬಿಡಿಸುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಇಸ್ತ್ರಿಯ ಗುಂಡಿಯನ್ನು ರೇಷ್ಮೆಗೆ ತಿರುಗಿಸಿದರೆ ಆಂಪಿಯರ್ ಕಡಿಮೆಯಾಗುವುದಿಲ್ಲ. ಹತ್ತಿದಾಗ ಪೂರಾ 3.3 ಆಂಪಿಯರೇ. ಹತ್ತಿರುವ ಹೊತ್ತು ಮಾತ್ರ ಕಡಿಮೆ. ಇಂಡಕ್ಷನ್ ಒಲೆಯಲ್ಲೂ ಉರಿ ಬಹಳ ಸಣ್ಣ ಮಾಡಿದಾಗ ಹೀಗೆ ಹತ್ತಿ ಆರಿ ಮಾಡುವುದನ್ನು ಕೇಳಿರಬಹುದು.

ನಾಲ್ಕನೆಯದು ಸರಣಿ ಜೋಡಣೆ. ಎರಡು 1000 ವ್ಯಾಟಿನ ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 2000 ವ್ಯಾಟ್. ಅವನ್ನೇ ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದರೆ ರೋಧ ಎರಡು ಪಟ್ಟಾಗಿ ಒಟ್ಟು 500 ವ್ಯಾಟ್ ಮಾತ್ರ. ಒಂದನ್ನೇ ಹಚ್ಚಿದರೆ 1000. ಹೀಗೆ ಎರಡು ಸುರುಳಿಯಿಂದ ಸಣ್ಣ, ನಡು, ದೊಡ್ಡ ಎಂದು ಮೂರು ಉರಿ ಸಿಗುತ್ತವೆ. ಹಳೆಯ ಕಾಲದ ವಿದ್ಯುತ್ ಒಲೆಗಳ ಮೂರು ಹಂತದ ಸ್ವಿಚ್ ಒಳಗೆ ಇದೇ ಯುಕ್ತಿ. ಇದರಲ್ಲಿ ಆಂಪಿಯರ್ ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಇದು ಕಾರ್ಖಾನೆಯಲ್ಲಿ ಮಾಡುವ ಕೆಲಸ. ಮನೆಯ ಕಾಯಿಲ್ ಬಿಚ್ಚಿ ಯಾರೂ ಜೋಡಿಸಲು ಹೋಗಬೇಡಿ. ಬ್ಯಾಟರಿ ಸೆಲ್ಲು ಮತ್ತು ಎರಡು ಟಾರ್ಚ್ ಬಲ್ಬಿನಲ್ಲಿ ಶಾಲೆಯಲ್ಲಿ ಮಾಡಿ ನೋಡಬಹುದು. ಸರಣಿಯಲ್ಲಿ ಎರಡೂ ಮಂಕಾಗುತ್ತವೆ.

ಐದನೆಯದು ಎಲೆಕ್ಟ್ರಾನಿಕ್ ನಿಯಂತ್ರಣ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಟ್ರಯಾಕ್ ಎಂಬ ಸಣ್ಣ ಸಾಧನ ಪ್ರತಿ ಅಲೆಯ ಒಂದು ಭಾಗವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಕಾರ್ಖಾನೆಯ ದೊಡ್ಡ ಕುಲುಮೆಗಳಲ್ಲಿ ಕೆಲವು ಅಲೆಗಳನ್ನು ಪೂರಾ ಬಿಟ್ಟು ಕೆಲವನ್ನು ಪೂರಾ ತಡೆಯುವ ಪದ್ಧತಿಯೂ ಇದೆ. ಅಲೆ ಸೊನ್ನೆಗೆ ಬಂದಾಗಲೇ ಹತ್ತಿಸುವುದರಿಂದ ಬೇರೆ ಸಾಮಾನುಗಳಿಗೆ ತೊಂದರೆ ಕಡಿಮೆ. ಇಲ್ಲಿ ಕೆಲವರಿಗೆ ಒಂದು ಆಸೆ ಬರುತ್ತದೆ: "ಫ್ಯಾನಿನ ರೆಗ್ಯುಲೇಟರ್‌ನ ಕಾಯಿಲ್‌ಗೆ ಹಾಕಿದ್ರ?" ಖಂಡಿತ ಬೇಡ. ಅದನ್ನು ಮಾಡಿರುವುದು ಫ್ಯಾನಿನಂಥ ಸಣ್ಣ ಹೊರೆಗೆ. ಹತ್ತು ಹದಿನೈದು ಪಟ್ಟು ಹೊರೆ ಹೊರಿಸಿದರೆ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು.

ಆರನೆಯದು ಮೂರು ಫೇಸಿಗೆ ಹಂಚುವುದು. ಪೇಟೆಯ ಬೇಕರಿಯಲ್ಲಿ 6000 ವ್ಯಾಟಿನ ಕರೆಂಟ್ ಒಲೆ ಇದೆ ಎನ್ನೋಣ. ಒಂದೇ ಫೇಸಿನಲ್ಲಿ 26 ಆಂಪಿಯರ್. ಒಳಗಿನ ಸುರುಳಿಗಳನ್ನು ಮೂರು ಪಾಲು ಮಾಡಿ ಮೂರು ಫೇಸಿಗೆ ಕೊಟ್ಟರೆ ಒಂದೊಂದರಲ್ಲಿ 8.7 ಆಂಪಿಯರ್ ಮಾತ್ರ.

6. ವೋಲ್ಟೇಜ್ ಕಡಿಮೆ ಬಂದಾಗ

ಹೊಲದ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಕೆಲವು ಊರುಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. 230ರ ಬದಲು 180 ಬಂತು ಎನ್ನೋಣ. ಆಗ 1000 ವ್ಯಾಟಿನ ಕಾಯಿಲ್ 612 ವ್ಯಾಟ್ ಮಾತ್ರ ಕೊಡುತ್ತದೆ. ಪ್ರವಾಹವೂ 4.3ರಿಂದ 3.4 ಆಂಪಿಯರಿಗೆ ಇಳಿಯುತ್ತದೆ. 26 ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ 43 ನಿಮಿಷ ಬೇಕು. ಕಾಯಿಲ್ ಕೆಟ್ಟಿಲ್ಲ, ವೋಲ್ಟೇಜ್ ಸೋತಿದೆ ಅಷ್ಟೇ.

ಆದರೆ ಹೊರೆ ಹೊತ್ತ ಪಂಪಿನ ಮೋಟಾರು ಇದಕ್ಕೆ ತದ್ವಿರುದ್ಧ. ವೋಲ್ಟೇಜ್ ಇಳಿದರೆ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಕಾಯಿಲ್ ಹೊಟ್ಟೆಗೆ ಕಡಿಮೆ ಸಿಕ್ಕರೆ ಕಡಿಮೆ ದುಡಿಯುವ ಎತ್ತು. ಮೋಟಾರು ಹಸಿದರೂ ಅಷ್ಟೇ ದುಡಿಯಲು ಹೋಗಿ ಬೀಳುವ ಎತ್ತು.

7. ಮನೆಯಿಂದ ಟಿ.ಸಿ.ವರೆಗೆ

ಒಂದು ಮನೆಗೆ ಎಂ.ಸಿ.ಬಿ. ಇದ್ದಂತೆ ಓಣಿಗೆ ಟಿ.ಸಿ. ಇದೆ. ಟಿ.ಸಿ.ಗಳ ಮೇಲೆ 25, 63, 100 ಕೆ.ವಿ.ಎ. ಎಂದು ಬರೆದಿರುತ್ತದೆ. 25ರ ಟಿ.ಸಿ. ಮೂರು ಫೇಸಿಗೂ ಸೇರಿ ಸುಮಾರು 25 ಕಿಲೋವ್ಯಾಟ್ ಕಾಯಿಸುವ ಹೊರೆ ಹೊರುತ್ತದೆ. ಒಂದೊಂದು ಫೇಸಿಗೆ 8 ಬಂತು. ಅಂದರೆ ಒಂದು ಫೇಸಿನ ಮೇಲಿರುವ ಎಂಟು ಮನೆಯವರು ಒಟ್ಟಿಗೆ 1000 ವ್ಯಾಟಿನ ಕಾಯಿಲ್ ಹಾಕಿದರೆ ಅದರ ಪಾಲು ತುಂಬಿತು. ಒಂಬತ್ತನೆಯವರು ಹಾಕಿದರೆ ಹೆಚ್ಚಾಯಿತು. ಹೆಚ್ಚಿನ ಹೊರೆ ದಿನಾ ಬಹಳ ಹೊತ್ತು ನಿಂತರೆ ಟಿ.ಸಿ. ಕಾಯುತ್ತದೆ. ಅದರ ಫ್ಯೂಜ್ ಹೋದರೆ ಆ ಸಾಲಿಗೆಲ್ಲ ಕತ್ತಲೆ. ಆಗ ಎಲ್ಲರೂ ಲೈನ್‌ಮನ್ ಅಣ್ಣನನ್ನು ಬೈಯುತ್ತಾರೆ. ಆದರೆ ಆರು ಗಂಟೆಗೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದ್ದು ನಾವೇ. ನಾಲ್ಕು ಮನೆಯವರು ಐದೂವರೆಗೆ, ನಾಲ್ಕು ಮನೆಯವರು ಆರಕ್ಕೆ ಎಂದು ಮಾತಾಡಿಕೊಂಡರೆ ಟಿ.ಸಿ.ಯೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ.

ಯೂನಿಟ್ ಲೆಕ್ಕವೂ ಒಂದಿಷ್ಟು. ದಿನಕ್ಕೆ ಮೂರು ಬಕೆಟ್ ಕಾಯಿಸಿದರೆ 1.3 ಯೂನಿಟ್, ತಿಂಗಳಿಗೆ 39 ಯೂನಿಟ್. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆ ಬಂದಿದೆ. ಮೇಲಿನ ಮಿತಿ 200 ಯೂನಿಟ್ ಆದರೂ ಒಂದೊಂದು ಮನೆಗೆ ಅವರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಮಿತಿ ಹಾಕಿದ್ದಾರೆ. ಮೊದಲು ಕಾಯಿಲ್ ಇಲ್ಲದ ಮನೆಗೆ 39 ಯೂನಿಟ್ ಸಣ್ಣ ಮಾತಲ್ಲ. ನಮ್ಮ ಕಡೆ ಬಿಸಿಲಿಗೆ ಬಡತನವಿಲ್ಲ. ಕಪ್ಪು ಕೊಡದಲ್ಲಿ ನೀರು ತುಂಬಿ ಮುಚ್ಚಿ ಮಧ್ಯಾಹ್ನ ಬಿಸಿಲಿಗಿಟ್ಟು ಸಂಜೆ ಸ್ನಾನ ಮಾಡಿದರೆ ಎಂ.ಸಿ.ಬಿ.ಯೂ ಬೇಡ, ಮೀಟರೂ ಬೇಡ.

8. ಎಲ್ಲಕ್ಕಿಂತ ಮುಖ್ಯವಾದ ಮಾತು

"ನಮ್ಮನಿಯಾಗ ಎಂ.ಸಿ.ಬಿ. ಐತಿ, ಶಾಕ್ ಹೊಡದ್ರ ಬೀಳ್ತೈತಿ" ಎಂದು ಕೆಲವರು ನಂಬಿದ್ದಾರೆ. ಇದು ತಪ್ಪು. 6 ಆಂಪಿಯರಿನ ಎಂ.ಸಿ.ಬಿ. ಬೀಳಲು 6ಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೇ ಸಾಕು. ಆದ್ದರಿಂದ ಎಂ.ಸಿ.ಬಿ. ನಿಂತೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಶಾಕಿನಿಂದ ಕಾಪಾಡುವುದು ಬೇರೆ ಸಾಧನ. ಅದರ ಹೆಸರು ಆರ್.ಸಿ.ಸಿ.ಬಿ. ಹೋದ ಕರೆಂಟು ಮತ್ತು ಮರಳಿ ಬಂದ ಕರೆಂಟು ಸಮ ಇದೆಯೇ ಎಂದು ಅದು ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೂ ಬೀಳುತ್ತದೆ. ಅದರಲ್ಲಿ ಪರೀಕ್ಷೆ ಮಾಡುವ ಒಂದು ಸಣ್ಣ ಗುಂಡಿಯೂ ಇರುತ್ತದೆ. ಅದರ ಜೊತೆಗೆ ಒಳ್ಳೆಯ ಅರ್ಥಿಂಗ್ ಇರಬೇಕು.

ಈ ನಿಯಮಗಳನ್ನು ಮನೆಯಲ್ಲಿ ಓದಿ ಹೇಳಿ:

ಅ) ನೀರು ಬಿಸಿಯಾಯಿತೇ ಎಂದು ಕರೆಂಟ್ ಇರುವಾಗ ಬೆರಳು ಅದ್ದಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಬೇಕು.
ಆ) ಮೊದಲು ಕಾಯಿಲ್ ನೀರಿನಲ್ಲಿ, ಆಮೇಲೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಕಾಯಿಲ್. ನೀರಿಲ್ಲದೆ ಹಚ್ಚಿದರೆ ಅದು ಬೇಗ ಸುಡುತ್ತದೆ.
ಇ) ಕಾಯಿಲ್ ಮೇಲೆ ಗುರುತು ಇರುವಷ್ಟೇ ಮುಳುಗಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.
ಈ) ಕಬ್ಬಿಣ, ಸ್ಟೀಲಿನ ಬಕೆಟ್ ಬೇಡ. ಪ್ಲಾಸ್ಟಿಕ್ ಬಕೆಟ್ಟಿಗೆ ಕಾಯಿಲ್ ತಾಗದಂತೆ ನೋಡಬೇಕು.
ಉ) ಪ್ಲಗ್ ಇಲ್ಲವೆಂದು ಬರೀ ವೈರನ್ನು ತೂತಿಗೆ ಚುಚ್ಚಿ ಬೆಂಕಿ ಕಡ್ಡಿ ಸಿಗಿಸಬಾರದು. ಹೀಗೆ ಮಾಡಿದರೆ ಅರ್ಥಿಂಗ್ ಇರುವುದಿಲ್ಲ.
ಊ) ಒದ್ದೆ ಕೈ, ಬರಿಗಾಲು ಬೇಡ. ತಮ್ಮ ತಂಗಿಯರನ್ನು ಹತ್ತಿರ ಬಿಡಬಾರದು.
ಋ) ಪ್ಲಗ್ಗು ಮುಟ್ಟಿದರೆ ಸುಡುತ್ತಿದ್ದರೆ ಅಥವಾ ಕರಿ ಕಲೆ ಬಿದ್ದಿದ್ದರೆ ಅದು ಸಡಿಲವಾಗಿದೆ. ಬದಲಿಸಬೇಕು.
ಎ) ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು. ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ಬಿಡಿಸಬೇಕು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.
ಏ) ಕಂಬದ ಅಥವಾ ಟಿ.ಸಿ.ಯ ಫ್ಯೂಜನ್ನು ನಾವೇ ಹಾಕಲು ಹೋಗಬಾರದು. 1912ಕ್ಕೆ ಫೋನ್ ಮಾಡಿ ತಿಳಿಸಬೇಕು.

9. ನೀವೂ ಮಾಡಿ ನೋಡಿ

ಇವತ್ತು ಸಂಜೆ ಮನೆಗೆ ಹೋದಾಗ ಪ್ರತಿ ಸಾಮಾನಿನ ಮೇಲಿನ ವ್ಯಾಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕರೆಂಟಿಗೆ ಹಚ್ಚದಿರುವಾಗಲೇ ನೋಡಬೇಕು. ಪ್ರತಿಯೊಂದನ್ನೂ 230ರಿಂದ ಭಾಗಿಸಿ. ಬೆಳಗ್ಗೆ ಒಟ್ಟಿಗೆ ಹಚ್ಚುವ ಸಾಮಾನುಗಳನ್ನು ಮಾತ್ರ ಕೂಡಿಸಿ. ಎಂ.ಸಿ.ಬಿ. ಮೇಲಿನ ಸಂಖ್ಯೆಯನ್ನು ದೊಡ್ಡವರಿಂದ ಕೇಳಿ ಬರೆದುಕೊಳ್ಳಿ. ಕೂಡಿಸಿದ್ದು ಆ ಸಂಖ್ಯೆಗಿಂತ ಕಡಿಮೆ ಇದ್ದರೆ ಒಳ್ಳೆಯದು. ಹೆಚ್ಚಿದ್ದರೆ ಯಾವುದನ್ನು ಯಾವಾಗ ಹಚ್ಚಬೇಕು ಎಂದು ಒಂದು ಸರದಿ ಪಟ್ಟಿ ಮಾಡಿ ಬಚ್ಚಲ ಬಾಗಿಲಿಗೆ ಅಂಟಿಸಿ. ನಮ್ಮ ಶಾಲೆಯ ವೇಳಾಪಟ್ಟಿ ಇದ್ದಂತೆ ಕರೆಂಟಿಗೂ ಒಂದು ವೇಳಾಪಟ್ಟಿ.

ಒಂದು ಲೆಕ್ಕ ಕೊಡುತ್ತೇನೆ, ಬಿಡಿಸಿ: ಒಂದು ಮನೆಯಲ್ಲಿ 10 ಆಂಪಿಯರಿನ ಎಂ.ಸಿ.ಬಿ. ಇದೆ. 1500 ವ್ಯಾಟ್ ಕಾಯಿಲ್, 1000 ವ್ಯಾಟ್ ಇಸ್ತ್ರಿ, 500 ವ್ಯಾಟ್ ಮಿಕ್ಸಿ, 75 ವ್ಯಾಟಿನ ಎರಡು ಫ್ಯಾನು, 9 ವ್ಯಾಟಿನ ನಾಲ್ಕು ಬಲ್ಬು ಇವೆ. ಎಲ್ಲ ಒಟ್ಟಿಗೆ ಹಚ್ಚಿದರೆ ಎಷ್ಟು ಆಂಪಿಯರ್? ಎಂ.ಸಿ.ಬಿ. ಬೀಳುತ್ತದೆಯೇ? ಯಾವ ಎರಡನ್ನು ಒಟ್ಟಿಗೆ ಹಚ್ಚಬಾರದು?

ಉತ್ತರ ಬರೆದು ಕೆಳಗಿನ ಡಬ್ಬಿಯಲ್ಲಿ ಹಾಕಿ. ಸರಿ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ಏಳನೇ ತರಗತಿ ವಿದ್ಯಾರ್ಥಿನಿ